ಎಡಗೈ ಕೇಳಿಸದ ವರ್ಷ

ಕಳೆದ ವಾರ ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಬೆಲ್ಲ ಕಾಯುವ ವಾಸನೆ ಒಮ್ಮೆಗೇ ಮೂಗಿಗೆ ಹೊಡೆಯಿತು. ಪಾಕ ಹದಕ್ಕೆ ಬರುವ ಮುಂಚಿನ, ಸ್ವಲ್ಪ ಸೀದ ಹಾಗಿರುವ ವಾಸನೆ. ಬಸ್ಸಿನಲ್ಲಿದ್ದವರೆಲ್ಲ ಆಸೆಯಿಂದ ಆ ಕಡೆ ಕತ್ತು ತಿರುಗಿಸಿದರು. ನನ್ನ ಕೈ ಮಾತ್ರ ತಾನಾಗಿಯೇ ಎಡಗಿವಿಯ ಮೇಲೆ ಹೋಯಿತು. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವ, ಕಿವಿ ನೋವಾ?" ಅಂದಳು. "ಇಲ್ಲ, ಹೆದರಿಕೆ" ಅಂದೆ. ಅವಳು ನನ್ನನ್ನು ಒಂದು ಥರ ನೋಡಿ ಸ್ವಲ್ಪ ಆ ಕಡೆ ಸರಿದು ಕೂತಳು.

ನಿಜವಾಗಿಯೂ ಹೆದರಿಕೆಯೇ. ಆ ಒಂದು ವರ್ಷ ಹೆದರಿದಷ್ಟು ನಾನು ಜೀವಮಾನದಲ್ಲಿ ಹೆದರಿಲ್ಲ. ಹಾಗಂತ ಹೆದರುಪುಕ್ಕಲಿ ಏನಲ್ಲ. ಮಂಡ್ಯ ಪಕ್ಕದ ಹೊಳಲಿನಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕಡೆಯವರು ಪಕ್ಕದಲ್ಲಿರುವವರ ಜೊತೆಗೂ ಆಚೆ ಗದ್ದೆಯಲ್ಲಿರುವವರಿಗೆ ಕೂಗಿದ ಹಾಗೆಯೇ ಮಾತಾಡುವುದು. ನನ್ನ ಗಂಟಲು ಅದರಲ್ಲೂ ಒಂದು ಕೈ ಮೇಲೆ ಎಂದು ಮನೆಯವರೇ ಆಡಿಕೊಳ್ಳುತ್ತಿದ್ದರು.

ಆಗ ಮದ್ದೂರಿಗೆ ಸೊಸೆಯಾಗಿ ಬಂದು, ಮಗಳು ನಿಧಿ ಅಂಬೆಗಾಲಿಡುತ್ತಿದ್ದ ಕಾಲ. ಗಂಡ ಯೋಗೇಶನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಿದ್ದೆ. ಊರಿನ ಒಂದು ಶಾಲೆಯವರು, ಡಿಪ್ಲೊಮಾ ಮುಗಿಸಿದರೆ ಸಂಗೀತದ ಟೀಚರ್ ಕೆಲಸ ಕೊಡುತ್ತೇವೆ ಎಂದಿದ್ದರು. ಅದು ವಿದೇಶದ ಪರೀಕ್ಷೆ. ಒಂದು ಕೃತಿಯನ್ನು ನುಡಿಸಬೇಕು, ಆಮೇಲೆ ಪರೀಕ್ಷಕರ ಎದುರು ಕೂತು ಅದನ್ನು ಬಿಡಿಸಿ ಹೇಳಬೇಕು. ಯಾವ ಸ್ವರ ಎಲ್ಲಿಂದ ಬಂತು, ಯಾಕೆ ಬಂತು, ಅದು ಇಲ್ಲದಿದ್ದರೆ ಏನು ಹೋಗುತ್ತಿತ್ತು. ನುಡಿಸುವುದಕ್ಕಿಂತ ಇದೇ ಕಷ್ಟ.

ಪಾಠಕ್ಕೆ ಮಂಡ್ಯದ ಸ್ಟೆಲ್ಲಾ ಮಿಸ್ ಮನೆಗೆ ರೈಲಿನಲ್ಲಿ ಹೋಗುತ್ತಿದ್ದೆ. ಶಾಲೆಯಲ್ಲಿದ್ದಾಗ ನನಗೆ ಮೊದಲು ಕೀಬೋರ್ಡ್ ಮುಟ್ಟಿಸಿದವರೂ ಅವರೇ. ಅವರ ಪಡಸಾಲೆಯಲ್ಲಿ ಒಂದು ಹಳೆಯ ಪಿಯಾನೊ ಇದೆ. ನನಗೆ ಅವರು ಆರಿಸಿಕೊಟ್ಟದ್ದು ಯುರೋಪಿನ ಪುನರುಜ್ಜೀವನ ಕಾಲದ ಒಂದು ಕೃತಿ. ಆಗ ಪಿಯಾನೊ ಇರಲಿಲ್ಲ. ಮೇಜಿನ ಮೇಲೆ ಇಡಬಹುದಾದ ಸಣ್ಣ ಪೆಟ್ಟಿಗೆಯಂಥ ವಾದ್ಯ, ಕೀ ಒತ್ತಿದರೆ ಒಳಗೆ ಹಕ್ಕಿಗರಿಯ ಮೊನೆಯೊಂದು ತಂತಿಯನ್ನು ಮೀಟುತ್ತಿತ್ತಂತೆ. ಬೀದಿಯಲ್ಲಿ ಜನ ಹಾಡುತ್ತಿದ್ದ ಒಂದು ಪುಟ್ಟ ಹಾಡನ್ನು ಯಾರೋ ಎತ್ತಿಕೊಂಡು, ಅದನ್ನೇ ಏಳು ಸಲ, ಏಳು ಬಗೆಯಲ್ಲಿ ಬರೆದಿದ್ದಾರೆ. ಇವಕ್ಕೆ ವೇರಿಯೇಶನ್ ಎನ್ನುತ್ತಾರೆ. ನಾನು ನನ್ನ ಪಾಡಿಗೆ ಸುತ್ತು ಎಂದುಕೊಳ್ಳುತ್ತಿದ್ದೆ.

ಮೊದಲ ಸುತ್ತಿನಲ್ಲಿ ಹಾಡು ಇದ್ದ ಹಾಗೇ ಬಲಗೈಯಲ್ಲಿ ಬರುತ್ತದೆ. ಎರಡನೆಯದರಲ್ಲಿ ಅದೇ ಹಾಡಿನ ಉದ್ದ ಸ್ವರಗಳು ಒಡೆದು ಪುಡಿಪುಡಿಯಾಗಿ ಓಡುತ್ತವೆ. ಆದರೆ ಪ್ರತಿ ತಾಳದ ಪೆಟ್ಟಿಗೂ ಹಳೆಯ ಸ್ವರವೇ ಸಿಗುತ್ತದೆ. ಮೂರನೆಯದರಲ್ಲಿ ಓಟ ಎಡಗೈಗೆ ಇಳಿದರೂ ಅಲ್ಲಿಯ ಮೂಲ ಸ್ವರಗಳು ಪೆಟ್ಟಿಗೆ ಸಿಗುತ್ತಲೇ ಇರುತ್ತವೆ. ನಾಲ್ಕನೆಯದರಲ್ಲಿ ಹಾಡು ಎರಡು ಕೈಗಳ ನಡುವೆ ಅಡಗಿಕೊಳ್ಳುತ್ತದೆ, ಐದನೆಯದರಲ್ಲಿ ಎಣಿಕೆಯೇ ಮೂರಕ್ಕೆ ತಿರುಗುತ್ತದೆ. ಆರನೆಯದರಲ್ಲಿ ಹಾಡೇ ಇಲ್ಲ. ಬಲಗೈ ಎಲ್ಲೆಲ್ಲೋ ಓಡಾಡುತ್ತದೆ. ಅದು ಇನ್ನೂ ಅದೇ ಹಾಡು ಎನ್ನುವುದಕ್ಕೆ ಉಳಿಯುವ ಗುರುತು ಒಂದೇ, ಎಡಗೈಯ ಕೆಳಸ್ವರಗಳು. ನಾಲ್ಕು ಮೆಟ್ಟಿಲು ಇಳಿದು, ಒಂದು ಜಿಗಿತ ಹಾರಿ, ಮತ್ತೆ ಹೊರಟಲ್ಲಿಗೇ ಬರುವ ಕೆಳಸ್ವರಗಳು ಮೊದಲಿನಿಂದ ಕೊನೆಯವರೆಗೆ ಬದಲಾಗುವುದಿಲ್ಲ. ಏಳನೆಯದರಲ್ಲಿ ಎಲ್ಲ ಶಾಂತವಾಗಿ ಹಾಡು ಮನೆಗೆ ಬರುತ್ತದೆ.

"ರೂಪ, ಪರೀಕ್ಷಕರು ಕೇಳೋದು ಆರನೇದರ ಬಗ್ಗೇನೇ," ಎಂದಿದ್ದರು ಮಿಸ್. "ಮೇಲಿಂದು ಯಾರಿಗೂ ಕಾಣುತ್ತೆ. ಕೆಳಗಿಂದು ನಿನಗೆ ಕೇಳುತ್ತಾ ಅಂತ ನೋಡ್ತಾರೆ."

ಅವರು ಹೇಳಿದ್ದು ಬರೀ ಪರೀಕ್ಷೆಯ ಮಾತು. ನನಗೆ ಅದು ಬೇರೆ ಥರ ತಗಲುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ.

ಅದಕ್ಕೂ ಮುಂಚೆ ಇನ್ನೊಂದು ಸಂಗತಿ ನಡೆಯುತ್ತಿತ್ತು. ಜನ ನನ್ನನ್ನು ಹೊಗಳಲು ಶುರು ಮಾಡಿದ್ದರು. ನಮ್ಮತ್ತೆ ಯಾರನ್ನೂ ಸುಲಭಕ್ಕೆ ಒಪ್ಪುವವರಲ್ಲ. ಅಂಥವರು ಪಕ್ಕದ ಮನೆಯವರಿಗೆ, "ನಮ್ ಸೊಸೆ ಬಂದಾಗ ತಮಟೆ ಬಡ್ದಂಗ್ ಮಾತಾಡೋಳು ಕಣಮ್ಮ. ಮಗು ಆದ್ಮೇಲೆ ನೋಡು, ಎಷ್ಟು ಮೆತ್ತುಗ್ ಮಾತಾಡ್ತಾಳೆ. ಎಣ್ಣು ಅಂದ್ರೆ ಇಂಗಿರ್ಬೇಕು" ಎನ್ನುತ್ತಿದ್ದರು. ನನಗೂ ಒಳಗೊಳಗೇ ಖುಷಿ. ನನ್ನ ಮಾತು ನನಗೆ ತಲೆಯೊಳಗೆ ಎಷ್ಟು ಜೋರಾಗಿ ಕೇಳುತ್ತಿತ್ತೆಂದರೆ, ಎಲ್ಲರಿಗೂ ಹಾಗೇ ಕೇಳುತ್ತಿದೆ ಎಂದುಕೊಂಡು ನಾನೇ ತಗ್ಗಿಸಿಕೊಂಡಿದ್ದೆ. ಮಂಡ್ಯದ ರೈಲಿನಲ್ಲಿ ಮದ್ದೂರು ವಡೆ ಕಡಿದರೆ ಆ ಕರುಂಕುರುಂ ಸದ್ದಿಗೆ ಬೇರೆ ಏನೂ ಕೇಳುತ್ತಿರಲಿಲ್ಲ. ವಡೆ ಚೆನ್ನಾಗಿ ಗರಿಯಾಗಿದೆ ಎಂದುಕೊಂಡು ತಿನ್ನುತ್ತಿದ್ದೆ. ಉಳಿದವರೇ ಯಾಕೋ ಗೊಣಗುಟ್ಟಲು ಕಲಿತಿದ್ದಾರೆ ಅನ್ನಿಸುತ್ತಿತ್ತು.

ಆರನೆಯ ಸುತ್ತನ್ನು ಅಭ್ಯಾಸ ಮಾಡುವಾಗ ಕೀಬೋರ್ಡಿನ ಕೆಳಸ್ವರಗಳು ಮಂಕಾಗಿ ಕೇಳತೊಡಗಿದವು. ಒತ್ತಿದರೆ ಬೆರಳಿಗೆ ತಿಳಿಯುತ್ತದೆ, ಕಿವಿಗೆ ಬರುವುದು ಬಲಗೈಯ ಓಟ ಮಾತ್ರ. ಸ್ಪೀಕರ್ ಕೆಟ್ಟಿರಬೇಕೆಂದು ಕೀಬೋರ್ಡನ್ನು ಆಟೊದಲ್ಲಿ ಹಾಕಿಕೊಂಡು ಇಮ್ತಿಯಾಜ್ ಭಾಯ್ ಅಂಗಡಿಗೆ ಹೋದೆ. ಮದ್ದೂರಿನಲ್ಲಿ ಮಿಕ್ಸಿಯಿಂದ ಹಿಡಿದು ಮಸೀದಿಯ ಮೈಕಿನವರೆಗೆ ರಿಪೇರಿ ಮಾಡುವವರು ಅವರೇ. ಹಿಂಬದಿ ಬಿಚ್ಚಿ, ಮೀಟರ್ ಹಚ್ಚಿ ನೋಡಿ, "ಏನೂ ಆಗಿಲ್ಲ ಮೇಡಂ, ಸ್ಪೀಕರ್ ಚೆನ್ನಾಗೈತೆ" ಅಂದರು.

"ಇಲ್ಲ ಭಾಯ್, ಎಡಗಡೆ ಸದ್ದೇ ಇಲ್ಲ."

ಅವರು ವಾದ ಮಾಡಲಿಲ್ಲ. ಥರ್ಮಾಕೋಲ್ ಚೂರುಗಳನ್ನು ಪುಡಿ ಮಾಡಿ ಸ್ಪೀಕರಿನ ಮೇಲೆ ಉದುರಿಸಿ, ಎಡತುದಿಯ ಕೀ ಒತ್ತಿದರು. ಬಿಳಿ ಚೂರುಗಳು ಕುಣಿದವು. ಒಂದೆರಡು ಹಾರಿ ನನ್ನ ಸೀರೆಯ ಮೇಲೂ ಬಿದ್ದವು. "ನೋಡಿ, ಎಂಗ್ ಬಡೀತಾ ಐತೆ. ನಂಗೆ ಎದೇಲಿ ಗುಂ ಅಂತೈತೆ" ಎಂದು ನಕ್ಕರು. ನಾನೂ ನಗಬೇಕಿತ್ತು. ಸದ್ದನ್ನು ಕಣ್ಣಿನಿಂದ ನೋಡುತ್ತಿದ್ದೆ, ಕಿವಿಗೆ ಮಾತ್ರ ದೂರದಲ್ಲಿ ಯಾರೋ ಕದ ತಟ್ಟಿದಷ್ಟು. "ಹೌದು ಭಾಯ್, ಈಗ ಸರಿಹೋಯ್ತು" ಎಂದು ಸುಳ್ಳು ಹೇಳಿ ಕೀಬೋರ್ಡ್ ವಾಪಸ್ಸು ತಂದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ಮಕ್ಕಳನ್ನು ಪಾಠಕ್ಕೆ ಕಳಿಸುತ್ತಾರೆ? ಕಿವಿ ಕೇಳಿಸದ ಟೀಚರನ್ನು ಯಾವ ಶಾಲೆ ಕರೆಯುತ್ತದೆ? ಮದುವೆಗೆ ಮುಂಚೆಯೇ ಇತ್ತು, ಮುಚ್ಚಿಟ್ಟು ಕೊಟ್ಟರು ಎಂದು ಅತ್ತೆಯ ಕಡೆಯವರು ನಮ್ಮಪ್ಪನನ್ನು ನಿಲ್ಲಿಸಿ ಕೇಳಿದರೆ? ಇವೆಲ್ಲ ಇದ್ದವು. ಆದರೆ ಇವಕ್ಕಿಂತ ದೊಡ್ಡ ಹೆದರಿಕೆ ನಿಧಿಯದು. ಒಮ್ಮೆ ಬಚ್ಚಲಲ್ಲಿ ಬಟ್ಟೆ ಒಗೆದು ಬಂದು ನೋಡಿದರೆ ಮಗು ಅತ್ತು ಅತ್ತು ಕೆಂಪಾಗಿ ಬಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ಅಳುತ್ತಿತ್ತೋ ಗೊತ್ತಿಲ್ಲ. ಆಮೇಲೆ ಮಧ್ಯಾಹ್ನ ಮಗುವನ್ನು ಮಲಗಿಸಿದರೆ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ನಾನೂ ಒರಗುತ್ತಿದ್ದೆ. ನಿದ್ದೆ ಎಲ್ಲಿಂದ ಬರಬೇಕು.

ಆ ಸುಗ್ಗಿಗೆ ದೊಡ್ಡವ್ವ ಕರೆಕಳಿಸಿದಳು. ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ ಪುಟ್ಟತಾಯಮ್ಮ. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಅವರದೊಂದು ಆಲೆಮನೆ. ಕಬ್ಬು ಅರೆಯುವ ಕಾಲ, ಮೊಮ್ಮಗುವಿಗೆ ಬಿಸಿ ಬೆಲ್ಲ ತಿನ್ನಿಸಬೇಕು ಬಾ ಎಂದು. ದೊಡ್ಡವ್ವನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಜೊತೆಗೆ, ಅದು ನಿಜವಾದ ಕಿವುಡಲ್ಲ, ಜಾಣ ಕಿವುಡು ಎಂದೂ ಮಾತು. ಮನೆಯಲ್ಲಿ ನೀರು ಕೊಡು ಅಂದರೆ ಕೇಳಿಸುವುದಿಲ್ಲ, ಆಲೆಮನೆಯಲ್ಲಿ ಅಷ್ಟು ಗಲಾಟೆಯ ನಡುವೆ ಯಾರು ಏನು ಆಡಿಕೊಂಡರೂ ಕೇಳಿಸುತ್ತದೆ ಎಂದು ದೊಡ್ಡಪ್ಪ ಇದ್ದಷ್ಟು ಕಾಲವೂ ಹಂಗಿಸುತ್ತಿದ್ದರು. ಅವಳು ಯಾರಿಗೂ ಎದುರು ಹೇಳಿದವಳಲ್ಲ. ತುಂಬಾ ಮೆತ್ತನೆಯ ಮಾತು ಅವಳದು.

ಆಲೆಮನೆಯ ಒಳಗೆ ಕಾಲಿಟ್ಟಾಗ ಡೀಸೆಲ್ ಎಂಜಿನ್ ನೆಲ ನಡುಗುವ ಹಾಗೆ ಓಡುತ್ತಿತ್ತು. ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆಯ ಕೆಳಗೆ ಉರಿ ಹಾಕುವವರು, ಎಲ್ಲರೂ ಕಿರುಚಿಕೊಂಡೇ ಮಾತಾಡುತ್ತಿದ್ದರು.

"ಯಾವಾಗ್ ಬಂದ್ಯಮ್ಮಿ ರೂಪ? ಗಂಡನ್ನ ಎಲ್ ಬುಟ್ಬಂದೆ?"

"ಲೇ, ಪಾಕ ಎತ್ರುಲಾ, ಸೀದೋಯ್ತದೆ!"

ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು! ತಿಂಗಳುಗಳಿಂದ ಹತ್ತಿ ತುರುಕಿದ ಹಾಗಿದ್ದ ಕಿವಿ ತೆರೆದುಕೊಂಡಿತ್ತು. ವಾಸಿಯಾಯಿತು, ಬರೀ ಶೀತವೋ ಏನೋ ಇತ್ತು, ಸುಮ್ಮನೆ ಜೀವ ಹಿಂಡಿಕೊಂಡೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ಎಲ್ಲರ ಜೊತೆ ನಗುತ್ತಾ ಮಾತಾಡಿದೆ. ಕೊಪ್ಪರಿಗೆಯ ಆಚೆ ಬದಿ ದೊಡ್ಡವ್ವ ನಿಧಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅವಳೂ ನಗುತ್ತಿದ್ದಳು, ಕೇಳಿದವರಿಗೆಲ್ಲ ತಟ್ಟನೆ ಉತ್ತರ ಕೊಡುತ್ತಿದ್ದಳು.

ಅವಳ ಆ ನಗುಮುಖ ನೋಡುತ್ತಾ ನೋಡುತ್ತಾ ನನ್ನ ನಗು ನಿಂತಿತು. ಗಲಾಟೆಯಲ್ಲಿ ಮಾತ್ರ ಕೇಳಿಸುವ ಕಿವಿ. ಮೆತ್ತನೆಯ ಮಾತು. ಎಲ್ಲ ನನ್ನದೇ.

ಅಷ್ಟರಲ್ಲಿ ಯಾರೋ ಎಂಜಿನ್ ನಿಲ್ಲಿಸಿದರು. ಜನ ದನಿ ತಗ್ಗಿಸಿದರು. ನನ್ನ ಪಾಲಿಗೆ ಎಲ್ಲರೂ ಒಟ್ಟಿಗೇ ಬಾಯಿ ಆಡಿಸುವ ಗೊಂಬೆಗಳಾದರು. ಪಕ್ಕದಲ್ಲಿದ್ದವನೊಬ್ಬ ಏನೋ ಕೇಳಿದ. ನಾನು ಸುಮ್ಮನೆ ತಲೆಯಾಡಿಸಿದೆ. ಆಚೆ ಬದಿ ದೊಡ್ಡವ್ವನೂ ಯಾರಿಗೋ ಹಾಗೇ ತಲೆಯಾಡಿಸುತ್ತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಅವಳ ನಗು ಮೆಲ್ಲಗೆ ಆರಿತು. ಮಗುವನ್ನು ಇಳಿಸಿ, ಎದ್ದು ಬಂದು, ನನ್ನ ಗಲ್ಲ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡಳು. ದನಿ ಕೇಳಿಸಲಿಲ್ಲ, ತುಟಿ ಕಾಣಿಸಿತು.

"ನಿಂಗೂ ಬಂತಾ ಮಗ?"

ನಾನು ಅಲ್ಲೇ, ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತೆ. ನೋಡಿದವರು ಹೊಗೆಗೆ ತಲೆ ಸುತ್ತಿರಬೇಕು ಎಂದುಕೊಂಡು ಕಬ್ಬಿನ ಹಾಲು ತಂದುಕೊಟ್ಟರು. ದೊಡ್ಡವ್ವ ನನ್ನ ಬೆನ್ನು ಸವರುತ್ತಾ, ತನಗೂ ಮೊದಲನೇ ಬಾಣಂತನವಾದ ಮೇಲೇ ಶುರುವಾದದ್ದು ಎಂದು ಕಿವಿಗೆ ಬಾಯಿಟ್ಟು ಹೇಳಿದಳು. ಮೊದಮೊದಲು ಅವಳ ಅತ್ತೆಯೂ ಒಳ್ಳೆ ಸೊಸೆ ಎಂದು ಹೊಗಳಿದ್ದರಂತೆ.

ಮುಂದಿನ ಪಾಠದ ದಿನ ಸ್ಟೆಲ್ಲಾ ಮಿಸ್ ಎದುರು ಅತ್ತುಬಿಟ್ಟೆ. ಅವರು ಸಮಾಧಾನ ಹೇಳುವ ಪೈಕಿಯಲ್ಲ. "ಹಣೆ ಇಲ್ಲಿಡು" ಎಂದು ಪಿಯಾನೊದ ಮರವನ್ನು ತೋರಿಸಿದರು. ಒರಗಿ ಹಣೆ ಇಟ್ಟೆ. ಅವರು ಆರನೆಯ ಸುತ್ತಿನ ಎಡಗೈಯನ್ನಷ್ಟೇ ನುಡಿಸಿದರು. ನಾಲ್ಕು ಮೆಟ್ಟಿಲು, ಒಂದು ಜಿಗಿತ, ವಾಪಸ್ಸು. ಮೂಳೆಯ ಮೂಲಕ ಅದು ನೇರ ತಲೆಯೊಳಗೆ ಬಂತು, ದಪ್ಪಗೆ, ತುಂಬಿಕೊಂಡು. ಕೆಳಗಿನ ಹಾಡು ಎಲ್ಲೂ ಹೋಗಿರಲಿಲ್ಲ, ಬರುವ ದಾರಿ ಮುಚ್ಚಿತ್ತು. ಅದು ತಿಳಿದದ್ದು ಸ್ವಲ್ಪ ಧೈರ್ಯ, ಉಳಿದದ್ದೆಲ್ಲ ಹೆದರಿಕೆ. ಪರೀಕ್ಷೆಯ ಕೋಣೆಯಲ್ಲಿ ಹಣೆ ಒರಗಿಸಿಕೊಂಡು ನುಡಿಸಲು ಆಗುತ್ತದೆಯೇ?

"ಕೇಳದಿದ್ದರೂ ಅದು ಅಲ್ಲಿದೆ ಅಂತ ನಿನಗೆ ಗೊತ್ತು ತಾನೇ? ಗೊತ್ತಿರೋದನ್ನು ಹೇಳು" ಅಂದರು ಮಿಸ್. "ಮೊದಲು ಪರೀಕ್ಷೆ ಮುಗಿಸು, ಮಾರನೇ ದಿನವೇ ಡಾಕ್ಟರ ಹತ್ತಿರ ನಡಿ."

ಪರೀಕ್ಷೆ ಬೆಂಗಳೂರಿನಲ್ಲಿ. ಯೋಗೇಶ ಹೊರಗೆ ಕಾದಿದ್ದ. ಒಳಗೆ ನೆಲಕ್ಕೆ ಜಮಖಾನ, ಗೋಡೆಗೆ ಪರದೆ, ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ. ನನಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪರೀಕ್ಷಕರು ವಯಸ್ಸಾದ ಒಬ್ಬ ವಿದೇಶಿ, ಬಾಯಿ ಮುಚ್ಚುವಷ್ಟು ಗಡ್ಡ ಮೀಸೆ. ತುಟಿ ನೋಡಿ ತಿಳಿಯೋಣ ಎಂದುಕೊಂಡಿದ್ದ ಆಸೆಯೂ ಹೋಯಿತು. ಏಳೂ ಸುತ್ತನ್ನು ನುಡಿಸಿದೆ. ಆರನೆಯದರಲ್ಲಿ ಎಡಗೈಯನ್ನು ಬೆರಳಿನಿಂದಲೇ ಎಣಿಸಿಕೊಂಡು ದಾಟಿದೆ, ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆದ ಹಾಗೆ. ತಪ್ಪಲಿಲ್ಲ.

ಆಮೇಲೆ ಅವರು ಮುಂದಕ್ಕೆ ಬಾಗಿ ಏನೋ ಕೇಳಿದರು. ಗಡ್ಡ ಅಲುಗಿತು, ಅಷ್ಟೇ. "ಕ್ಷಮಿಸಿ?" ಅಂದೆ. ಮತ್ತೆ ಅಲುಗಿತು. ಮೂರನೆಯ ಸಲ ಕೇಳಿದರೆ ಎಲ್ಲ ಬಯಲಾಗುತ್ತದೆ. ಎದೆ ಹೊಡೆದುಕೊಳ್ಳುವುದು ಮಾತ್ರ ತಲೆಯೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಎದ್ದು ಓಡಿಹೋಗಬೇಕು ಅನ್ನಿಸಿತು. ಆಗ ಎಲ್ಲಿಂದಲೋ ಆಲೆಮನೆಯ ಎಂಜಿನ್ ನೆನಪಾಯಿತು. ಗಲಾಟೆ ಇದ್ದರೆ ಜನ ಕೂಗಿ ಮಾತಾಡುತ್ತಾರೆ, ಆ ಗಲಾಟೆ ನನ್ನ ಕಿವಿಗೆ ಮಂಕಾಗಿ ಕೂಗಷ್ಟೇ ತಲುಪುತ್ತದೆ. ನನಗೆ ಬೇಕಾದದ್ದು ಅಷ್ಟೇ ಅಲ್ಲವೇ?

ಎಡಗೈಯನ್ನು ಕೀಗಳ ಮೇಲೆ ಇಟ್ಟು ಕೆಳಸ್ವರಗಳನ್ನು ಜೋರಾಗಿ ನುಡಿಸತೊಡಗಿದೆ. ಇಳಿದು, ಜಿಗಿದು, ವಾಪಸ್ಸು. ಮತ್ತೆ ಮೊದಲಿನಿಂದ. ಅವರು ಹುಬ್ಬೇರಿಸಿದರು. ಆಮೇಲೆ ಆ ಸದ್ದಿನ ಮೇಲೆ ಕೇಳಿಸಲೆಂದು ದನಿ ಏರಿಸಿ ಕೂಗಿದರು: ಹಾಡು ಮಾಯವಾದ ಮೇಲೂ ಇದು ಅದೇ ಹಾಡು ಎಂದು ನಿಮಗೆ ಹೇಗೆ ಗೊತ್ತು?

ಕೇಳಿಸಿತು. ಪ್ರತಿ ಪದವೂ ಕೇಳಿಸಿತು.

"ಇದರಿಂದ," ಎಂದು ಎಡಗೈ ನಿಲ್ಲಿಸದೆಯೇ ಹೇಳಿದೆ. "ಇದು ಬದಲಾಗುವುದಿಲ್ಲ. ಕೇಳುವವರ ಗಮನವೆಲ್ಲ ಮೇಲೆ ಇರುತ್ತದೆ. ಹಾಡು ಹೋಯಿತು ಎಂದು ಅವರು ಹೆದರಲಿ ಎಂದೇ ಬರೆದವರು ಹೀಗೆ ಮಾಡಿದ್ದಾರೆ. ಕೆಳಗೆ ಅದು ನಡೆಯುತ್ತಲೇ ಇದೆ." ಗಡ್ಡದ ಒಳಗಿಂದ ನಗು ಕಾಣಿಸಿತು. ಉಳಿದ ಪ್ರಶ್ನೆಗಳನ್ನೆಲ್ಲ ಅವರು ಕೂಗಿಯೇ ಕೇಳಿದರು. ನುಡಿಸುತ್ತಲೇ ವಿವರಿಸುವುದು ನನ್ನ ಶೈಲಿ ಎಂದುಕೊಂಡರೋ ಏನೋ.

ವಾಪಸ್ಸು ಬರುವ ರೈಲಿನ ಗದ್ದಲದಲ್ಲಿ ಯೋಗೇಶನಿಗೆ ಎಲ್ಲ ಹೇಳಿದೆ. ಅವನು ನನ್ನ ಕೈ ಹಿಡಿದುಕೊಂಡ. ಹೆದರಿದ್ದ ಎಂದು ಆ ಹಿಡಿತದಲ್ಲೇ ತಿಳಿಯಿತು. ಆಮೇಲೆ, "ಅದ್ಕೇನಾ ನೀನು ನನ್ನ ಕೂಗಾಡಿ ಬೈಯದ್ ಬುಟ್ಟಿದ್ದು? ದೇವ್ರು ಒಳ್ಳೆ ಬುದ್ಧಿ ಕೊಟ್ಟ ಅಂದ್ಕೊಂಡಿದ್ದೆ ಕಣೇ" ಅಂದ.

ಮೈಸೂರಿನ ಡಾಕ್ಟರು ಒಂದು ಚಿತ್ರ ಬರೆದು ತೋರಿಸಿದರು. ಎರಡೂ ಕಿವಿಯೊಳಗೆ ಅಕ್ಕಿ ಕಾಳಿಗಿಂತ ಸಣ್ಣ ಮೂಳೆಯೊಂದು ತುಕ್ಕು ಹಿಡಿದ ಬಾಗಿಲ ಕೀಲಿನ ಹಾಗೆ ಕಚ್ಚಿಕೊಂಡಿದೆ, ಆಪರೇಷನ್ ಮಾಡಿ ಬದಲಿ ಕೂರಿಸಬಹುದು, ಅಪರೂಪಕ್ಕೆ ಇದ್ದದ್ದೂ ಹೋಗುವ ಅಪಾಯ ಉಂಟು ಎಂದರು. ಜೊತೆಗೆ ಬಂದಿದ್ದ ದೊಡ್ಡವ್ವನ ಕಿವಿಯನ್ನೂ ನೋಡಿ, ಇವರನ್ನೂ ಆಗಲೇ ತಂದಿದ್ದರೆ ಚೆನ್ನಾಗಿ ಕೇಳುತ್ತಿತ್ತು, ಈಗಲೂ ಪ್ರಯತ್ನಿಸಬಹುದು ಎಂದರು. ಅದನ್ನು ದೊಡ್ಡವ್ವನಿಗೆ ತುಟಿ ಬಿಡಿಸಿ ಹೇಳುವಾಗ ನನಗೆ ಇಡೀ ಊರಿನ ಮೇಲೆ ಸಿಟ್ಟು ಬಂದಿತ್ತು. ಅವಳಿಗೆ ಬರಲಿಲ್ಲ. "ಈಗ್ಯಾಕವ್ವ. ಯಾರ್ ಮಾತ್ ಕೇಳ್ಬೇಕು ಅಂತಿದ್ನೋ ಅವ್ರೆಲ್ಲ ಒಂಟೋದ್ರು. ಬೈಯೋರು ಇನ್ನೂ ಅವ್ರೆ" ಎಂದು ನಕ್ಕಳು.

ನಾನು ಎಡಗಿವಿಗೆ ಮಾಡಿಸಿಕೊಂಡೆ. ಪಟ್ಟಿ ಬಿಚ್ಚುವ ದಿನ, ಇದ್ದದ್ದೂ ಹೋಗಿದ್ದರೆ ಎಂದು ಹೆದರಿದ್ದೆ. ಬಿಚ್ಚಿದಾಗ ಮೊದಲು ಕೇಳಿದ್ದು ಫ್ಯಾನಿನ ಸದ್ದು. ಅಷ್ಟು ಚೆಂದದ ಸದ್ದು ಇನ್ನೊಂದಿಲ್ಲ. ಪರೀಕ್ಷೆ ಪಾಸಾಗಿತ್ತು, ಶಾಲೆಯ ಕೆಲಸವೂ ಸಿಕ್ಕಿತು. ಬಲಗಿವಿ ಇನ್ನೂ ಹಾಗೇ ಇದೆ. ಹೊರಡುವಾಗ ಡಾಕ್ಟರನ್ನು ಒಂದು ಪ್ರಶ್ನೆ ಕೇಳಿದ್ದೆ. ನನ್ನ ಮಗಳಿಗೆ? ಅವರು, ಇದು ವಂಶದಲ್ಲಿ ಬರುವಂಥದ್ದು, ಬರಲೂಬಹುದು ಬರದೆಯೂ ಇರಬಹುದು, ಈಗಲೇ ಏನೂ ಹೇಳಲಾಗದು ಎಂದಿದ್ದರು. ಅಂದಿನಿಂದ ಆ ಮಾತು ನನ್ನ ಎಡಗೈಯ ಕೆಳಗೆ ನಡೆಯುತ್ತಲೇ ಇದೆ.

ನಿಧಿ ಈಗ ಶಾಲೆಗೆ ಹೋಗುತ್ತಾಳೆ. ನನ್ನದೇ ಗಂಟಲು. ಅತ್ತೆ, "ಎಣ್ ಮಗ ಇಂಗಾ ಕಿರುಚೋದು? ಮೆತ್ತುಗ್ ಮಾತಾಡೋದ್ ಕಲ್ಸಮ್ಮ" ಎಂದು ದಿನಾ ಹೇಳುತ್ತಾರೆ. ನಾನು ಜಾಣ ಕಿವುಡು ನಟಿಸುತ್ತೇನೆ.

ಕಳೆದ ವಾರ ಆ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ನಿಧಿ ಬಾಗಿಲಲ್ಲೇ ನಿಂತಿದ್ದಳು. ಯಾವಾಗಲೂ ಬೀದಿ ತುದಿಗೇ ಕೇಳುವ ಹಾಗೆ ಕೂಗುವವಳು ಅಂದು ಹತ್ತಿರ ಬಂದು, ಉಸಿರಿನಷ್ಟು ಮೆತ್ತಗೆ ಏನೋ ಅಂದಳು. ಕೈಯಲ್ಲಿದ್ದ ಚೀಲ ಜಾರಿತು. ಬೆಲ್ಲದ ವಾಸನೆ ಇನ್ನೂ ಮೂಗಿನಲ್ಲೇ ಇತ್ತು. ಕುಕ್ಕರುಗಾಲಲ್ಲಿ ಕೂತು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆ.

"ಯಾಕೆ ಮೆತ್ತಗೆ ಮಾತಾಡ್ತಿದೀಯ? ನಿಧಿ, ಯಾಕೆ?"

ಅವಳು ತುಟಿಯ ಮೇಲೆ ಬೆರಳಿಟ್ಟು, "ಅಜ್ಜಿ ಮಲ್ಗವ್ರೆ ಕಣಮ್ಮ" ಎಂದು ಪಿಸುಗುಟ್ಟಿದಳು.

"ಮಲಗಿರ್ಲಿ. ನೀನು ಕೂಗು."

"ಏನಂತ?"

"ಏನಾದ್ರೂ. ಕೂಗು ಮಗ."

ಅವಳು ಒಂದು ಕ್ಷಣ ನನ್ನ ಮುಖ ನೋಡಿ, ಕಣ್ಣು ಮುಚ್ಚಿಕೊಂಡು, ಕತ್ತಿನ ನರ ಉಬ್ಬುವ ಹಾಗೆ "ಅಮ್ಮಾ!" ಎಂದು ಕೂಗಿದಳು. ಒಳಗೆ ಅತ್ತೆ ಬೆಚ್ಚಿಬಿದ್ದು ಎದ್ದು, ಅಮ್ಮ ಮಗಳಿಬ್ಬರನ್ನೂ ಸೇರಿಸಿ ಬೈಯತೊಡಗಿದರು.

"ಇನ್ನೊಂದ್ಸಲ" ಅಂದೆ.